ಸೀ ಆಫ್ ಥೀವ್ಸ್: ಸ್ಲೂಪ್, ಬ್ರಿಗಂಟೀನ್, ಗ್ಯಾಲಿಯನ್ – ನಿಮ್ಮ ತಂಡಕ್ಕೆ ಯಾವ ಹಡಗು ಸರಿ? ಸಮಗ್ರ ಮಾರ್ಗದರ್ಶಿ

ಸೀ ಆಫ್ ಥೀವ್ಸ್ ಅನ್ನುವ ಕಡಲ್ಗಳ್ಳರ ಆನ್‌ಲೈನ್ ವಿಡಿಯೊ ಆಟದಲ್ಲಿ ಕಡಲಿಗೆ ಇಳಿಯುವ ಮುಂಚೆ ಒಂದು ಪ್ರಶ್ನೆ ಎದುರಾಗುತ್ತದೆ. ಯಾವ ಹಡಗು ಬೇಕು? ಸಣ್ಣದು ಸ್ಲೂಪ್, ನಡುವಿನದು ಬ್ರಿಗಂಟೀನ್, ದೊಡ್ಡದು ಗ್ಯಾಲಿಯನ್ ಅಂತ ಮೂರು ಇವೆ. ಹೊಸದಾಗಿ ಬಂದವರು ಹೆಚ್ಚಾಗಿ ದೊಡ್ಡದನ್ನೇ ಒತ್ತುತ್ತಾರೆ. ಎಂಟು ಫಿರಂಗಿ ಇದೆ, ಮೂರು ಹಾಯಿ ಇದೆ, ಇಷ್ಟು ದೊಡ್ಡ ಹಡಗಿನ ತಂಟೆಗೆ ಯಾರು ಬರುತ್ತಾರೆ ಅನ್ನಿಸುತ್ತದೆ ಅಲ್ವಾ? ಆದರೆ ಇಬ್ಬರೇ ಗ್ಯಾಲಿಯನ್ ಹತ್ತಿ ಹೊರಟರೆ ಮೊದಲ ಕಾಳಗದಲ್ಲೇ ಹಡಗು ಮುಳುಗುತ್ತದೆ. ಅವರು ಚೆನ್ನಾಗಿ ಆಡಲಿಲ್ಲ ಅಂತಲ್ಲ. ಹಡಗು ಆರಿಸಿದ್ದೇ ಸರಿ ಇರಲಿಲ್ಲ.

ನಾನು ಈ ಆಟವನ್ನು ನನ್ನ ಅಣ್ಣ ಮತ್ತು ಇಬ್ಬರು ಗೆಳೆಯರ ಜೊತೆ ಆಡುತ್ತೇನೆ. ನಾನು, ಅಣ್ಣ ಬೆಂಗಳೂರಿನಲ್ಲಿ. ಒಬ್ಬ ಗೆಳೆಯ ಮೈಸೂರಿನಲ್ಲಿ, ಇನ್ನೊಬ್ಬ ಟೊರೊಂಟೊದಲ್ಲಿ. ನಾಲ್ವರಿಗೂ ಬಿಡುವು ಸಿಗುವುದು ಅಪರೂಪ. ಒಂದು ರಾತ್ರಿ ಮೂವರಿರುತ್ತೇವೆ, ಇನ್ನೊಂದು ರಾತ್ರಿ ಇಬ್ಬರು, ಎಷ್ಟೋ ಸಲ ನಾನೊಬ್ಬನೇ. ಹಾಗಾಗಿ ಮೂರೂ ಹಡಗಿನ ಗುಣ ಗೊತ್ತಾಗಿದೆ. ಅದರಿಂದ ಕಲಿತ ಲೆಕ್ಕ ಒಂದೇ. ಹಡಗು ಆರಿಸುವಾಗ ಫಿರಂಗಿ ಎಣಿಸಬೇಡಿ, ಕೈ ಎಣಿಸಿ. ಇಲ್ಲಿ ಹೇಳುವುದೆಲ್ಲ ಆ ಲೆಕ್ಕವನ್ನು ಬಿಡಿಸಿ ನೋಡುವುದು.

ಹಂತ 1: ಮೂರು ಹಡಗಿನ ಪರಿಚಯ

ಬ್ರಿಟನ್ನಿನ ರೇರ್ ಕಂಪನಿ ಈ ಆಟವನ್ನು 2018ರ ಮಾರ್ಚ್ 20ಕ್ಕೆ ಬಿಡುಗಡೆ ಮಾಡಿದಾಗ ಇದ್ದದ್ದು ಎರಡೇ ಹಡಗು: ಸ್ಲೂಪ್ ಮತ್ತು ಗ್ಯಾಲಿಯನ್. ಮೂವರಿದ್ದರೆ ಸರಿಹೊಂದುವ ಹಡಗೇ ಇರಲಿಲ್ಲ. ಅದೇ ವರ್ಷ ಜುಲೈ ಕೊನೆಯಲ್ಲಿ ಕರ್ಸ್ಡ್ ಸೇಲ್ಸ್ ಅಪ್‌ಡೇಟ್ ಜೊತೆ ಬ್ರಿಗಂಟೀನ್ ಬಂತು.

ಸ್ಲೂಪ್‌ನಲ್ಲಿ ಇಬ್ಬರಿಗೆ ಜಾಗ. ಒಂದು ಕೂವೆಮರ, ಅಂದರೆ ಮಾಸ್ಟ್. ಒಂದೇ ಹಾಯಿ. ಎಡಕ್ಕೊಂದು, ಬಲಕ್ಕೊಂದು, ಒಟ್ಟು 2 ಫಿರಂಗಿ.

ಬ್ರಿಗಂಟೀನ್‌ನಲ್ಲಿ ಮೂವರಿಗೆ ಜಾಗ. ಎರಡು ಕೂವೆಮರ, ಒಂದೊಂದು ಬದಿಗೆ ಎರಡರಂತೆ 4 ಫಿರಂಗಿ. ಆಟಗಾರರು ಚಿಕ್ಕದಾಗಿ ಬ್ರಿಗ್ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ಗ್ಯಾಲಿಯನ್‌ನಲ್ಲಿ ನಾಲ್ವರಿಗೆ ಜಾಗ. ಮೂರು ಕೂವೆಮರ, ಒಂದೊಂದು ಬದಿಗೆ ನಾಲ್ಕರಂತೆ 8 ಫಿರಂಗಿ. ಕೆಳಗೆ ಎರಡು ಅಂತಸ್ತು.

ಒಂದು ವಿಷಯ ಮೊದಲೇ ತಿಳಿದಿರಲಿ. ಈ ಆಟದಲ್ಲಿ ದುಡ್ಡು ಕೊಟ್ಟು ಹಡಗನ್ನು ಗಟ್ಟಿ ಮಾಡಿಕೊಳ್ಳಲು ಆಗುವುದಿಲ್ಲ. ಹಾಯಿಯ ಬಣ್ಣ, ಮೂತಿಯ ಗೊಂಬೆ, ಫಿರಂಗಿಯ ಅಲಂಕಾರ ಎಲ್ಲವೂ ಬರೀ ನೋಟಕ್ಕೆ. ಐದು ವರ್ಷ ಆಡಿದವರ ಸ್ಲೂಪ್ ಮತ್ತು ನಿನ್ನೆ ಬಂದವರ ಸ್ಲೂಪ್ ಒಂದೇ ವೇಗದಲ್ಲಿ ಓಡುತ್ತವೆ. ಎರಡಕ್ಕೂ ಪೆಟ್ಟು ಬೀಳುವುದು ಒಂದೇ ಥರ. ನನಗೆ ಈ ಆಟ ಇಷ್ಟವಾಗಲು ಇದೇ ದೊಡ್ಡ ಕಾರಣ. ಹಾಗಾಗಿ ಯಾವ ಹಡಗು ಅನ್ನುವ ಆಯ್ಕೆಗೆ ಇಲ್ಲಿ ನಿಜವಾದ ತೂಕ ಇದೆ. ಒಮ್ಮೆ ಕಡಲಿಗಿಳಿದ ಮೇಲೆ ನಡುವೆ ಹಡಗಿನ ಗಾತ್ರ ಬದಲಿಸಲು ಆಗುವುದಿಲ್ಲ. ಆಟದಿಂದ ಹೊರಗೆ ಬಂದು ಮತ್ತೆ ಶುರು ಮಾಡಬೇಕು.

2024ರ ಜುಲೈನಲ್ಲಿ ಬಂದ ಬರ್ನಿಂಗ್ ಬ್ಲೇಡ್ ಅನ್ನುವ ದೈತ್ಯ ಹಡಗಿನ ಮಾತು ಬೇರೆ. ಅದನ್ನು ಮೆನುವಿನಲ್ಲಿ ಆರಿಸಲು ಆಗುವುದಿಲ್ಲ, ಕಡಲಿನಲ್ಲಿ ಗೆದ್ದೇ ಪಡೆಯಬೇಕು. ಅದನ್ನು ಇಲ್ಲಿ ಸೇರಿಸಿಲ್ಲ.

ಹಂತ 2: ಕೈ ಎಣಿಸಿ

ಕಾಳಗ ಶುರುವಾದಾಗ ಹಡಗಿನ ಮೇಲೆ ಏನೇನು ಕೆಲಸ ಬೀಳುತ್ತದೆ ನೋಡಿ. ಚುಕ್ಕಾಣಿ ಹಿಡಿಯಬೇಕು. ಹಾಯಿಯ ಹಗ್ಗ ಎಳೆಯಬೇಕು. ಫಿರಂಗಿಗೆ ಗುಂಡು ತುಂಬಿ ಹಾರಿಸಬೇಕು. ತಳದಲ್ಲಿ ಬಿದ್ದ ತೂತಿಗೆ ಹಲಗೆ ಹೊಡೆಯಬೇಕು. ಒಳಗೆ ಬಂದ ನೀರನ್ನು ಬಕೆಟ್‌ನಲ್ಲಿ ಎತ್ತಿ ಹೊರಗೆ ಚೆಲ್ಲಬೇಕು. ಏಣಿ ಹತ್ತಿ ಒಳಗೆ ನುಗ್ಗುವವರನ್ನು ತಡೆಯಬೇಕು. ಬೆಂಕಿ ಬಿದ್ದರೆ ಅದನ್ನೂ ಆರಿಸಬೇಕು.

ಈ ಏಳು ಕೆಲಸ ಮೂರೂ ಹಡಗಿನಲ್ಲಿ ಇವೆ. ಬದಲಾಗುವುದು ಒಂದು ಕೆಲಸದಿಂದ ಇನ್ನೊಂದಕ್ಕೆ ಓಡುವ ದೂರ. ಸ್ಲೂಪ್‌ನಲ್ಲಿ ಚುಕ್ಕಾಣಿಯಿಂದ ಫಿರಂಗಿಗೆ ನಾಲ್ಕು ಹೆಜ್ಜೆ. ಗ್ಯಾಲಿಯನ್‌ನಲ್ಲಿ ಮೇಲಿನ ಚುಕ್ಕಾಣಿಯಿಂದ ತಳದ ತೂತಿಗೆ ಹೋಗಲು ಡೆಕ್ ದಾಟಿ ಎರಡು ಅಂತಸ್ತು ಇಳಿಯಬೇಕು. ಇಳಿದು, ಹಲಗೆ ಹೊಡೆದು, ಮತ್ತೆ ಹತ್ತಿ ಬರುವಷ್ಟರಲ್ಲಿ ಹಡಗು ಬಂಡೆಗೆ ಗುದ್ದಿರುತ್ತದೆ.

ಹಾಯಿಯ ಲೆಕ್ಕವೂ ಹೀಗೇ. ಒಂದೊಂದು ಹಾಯಿಗೂ ಎರಡು ಕೆಲಸ: ಏರಿಸುವುದು ಅಥವಾ ಇಳಿಸುವುದು, ಮತ್ತೆ ಗಾಳಿಗೆ ತಕ್ಕಂತೆ ತಿರುಗಿಸುವುದು. ಇಲ್ಲಿ ಏರಿಸುವುದು ಅಂದರೆ ಹಾಯಿಯನ್ನು ಮೇಲಕ್ಕೆ ಸುತ್ತಿಕೊಂಡು ವೇಗ ತಗ್ಗಿಸುವುದು, ಇಳಿಸುವುದು ಅಂದರೆ ಬಿಚ್ಚಿ ಗಾಳಿಗೆ ಬಿಡುವುದು. ಸ್ಲೂಪ್‌ನಲ್ಲಿ ಗಾಳಿ ಬದಲಾದರೆ ಒಂದು ಹಗ್ಗ ಎಳೆದರೆ ಮುಗಿಯಿತು. ಗ್ಯಾಲಿಯನ್‌ನಲ್ಲಿ ಮೂರು ಸಲ ಎಳೆಯಬೇಕು. ಲಂಗರಿನದ್ದೂ ಅದೇ ಕತೆ. ಗ್ಯಾಲಿಯನ್‌ನ ಲಂಗರನ್ನು ನಾಲ್ವರು ಸೇರಿ ತಿರುಗಿಸಿದರೆ ಬೇಗ ಮೇಲೆ ಬರುತ್ತದೆ. ಒಬ್ಬರೇ ತಿರುಗಿಸಲು ನಿಂತರೆ ಶತ್ರು ಬಂದು ಪಕ್ಕದಲ್ಲಿ ನಿಂತಿರುತ್ತಾನೆ, ನೀವಿನ್ನೂ ಸುತ್ತುತ್ತಲೇ ಇರುತ್ತೀರಿ.

ನನ್ನ ಸಲಹೆ ನೇರವಾಗಿದೆ. ಒಬ್ಬರು ಅಥವಾ ಇಬ್ಬರಿದ್ದರೆ ಸ್ಲೂಪ್. ಮೂವರಿದ್ದರೆ ಬ್ರಿಗ್. ನಾಲ್ವರಿದ್ದರೆ ಗ್ಯಾಲಿಯನ್. ಕಡಿಮೆ ಜನ ದೊಡ್ಡ ಹಡಗು ತೆಗೆದುಕೊಳ್ಳಲು ಆಟ ಬಿಡುತ್ತದೆ, ನಿಜ. ಆದರೆ ಖಾಲಿ ಫಿರಂಗಿಯಿಂದ ಗುಂಡು ಹಾರುವುದಿಲ್ಲ. ಇಬ್ಬರು ಗ್ಯಾಲಿಯನ್ ಹತ್ತಿದರೆ ಎಂಟು ಫಿರಂಗಿಯಲ್ಲಿ ಒಂದು ಕೆಲಸ ಮಾಡುತ್ತದೆ, ಇಡೀ ದೊಡ್ಡ ಮೈ ಮಾತ್ರ ಶತ್ರುವಿಗೆ ಗುರಿಯಾಗುತ್ತದೆ.

ಇನ್ನೊಂದು. ತಂಡ ಆರಿಸುವಾಗ ಓಪನ್ ಕ್ರೂ, ಕ್ಲೋಸ್ಡ್ ಕ್ರೂ ಅಂತ ಕೇಳುತ್ತದೆ. ಓಪನ್ ಇಟ್ಟರೆ ಖಾಲಿ ಜಾಗಕ್ಕೆ ಗೊತ್ತಿಲ್ಲದವರು ಬರುತ್ತಾರೆ. ಅವರ ಜೊತೆ ಮಾತಾಡಲು ಮೈಕ್ ಬೇಕು, ಇಂಗ್ಲಿಷ್ ಬೇಕು, ತಾಳ್ಮೆ ಜಾಸ್ತಿ ಬೇಕು. ಕಲಿಯುವ ಹಂತದಲ್ಲಿ ಕ್ಲೋಸ್ಡ್ ಒಳ್ಳೆಯದು.

ಹಂತ 3: ಗಾಳಿ ಓದುವುದು ಕಲಿಯಿರಿ

ಹಡಗು ಹೋಲಿಸುವವರು ಬಹಳ ಸಲ ತಪ್ಪುವುದು ಇಲ್ಲೇ. "ಯಾವುದು ಫಾಸ್ಟ್?" ಅಂತ ಕೇಳುತ್ತಾರೆ. ಆ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಗಾಳಿ ಯಾವ ಕಡೆಯಿಂದ ಬರುತ್ತಿದೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಗಾಳಿ ಬೆನ್ನಿಗಿದ್ದರೆ ಗ್ಯಾಲಿಯನ್ ಎಲ್ಲರಿಗಿಂತ ವೇಗ. ಮೂರು ಹಾಯಿ ಉಬ್ಬಿ ನಿಂತಾಗ ಅದನ್ನು ಸ್ಲೂಪ್ ಓಡಿ ಗೆಲ್ಲಲು ಆಗುವುದಿಲ್ಲ. ಗಾಳಿ ಎದುರಿನಿಂದ ಬಂದರೆ ಲೆಕ್ಕ ತಲೆಕೆಳಗು. ಆಗ ಸ್ಲೂಪ್ ಮುಂದೆ, ಗ್ಯಾಲಿಯನ್ ಹಿಂದೆ. ಬ್ರಿಗ್ ಇವೆರಡರ ನಡುವೆ ನಿಲ್ಲುತ್ತದೆ, ಅಡ್ಡಗಾಳಿಯಲ್ಲಿ ಚೆನ್ನಾಗಿ ಓಡುತ್ತದೆ.

ಗಾಳಿ ನೋಡುವುದು ಹೇಗೆ? ತಲೆ ಎತ್ತಿ. ಆಕಾಶದಲ್ಲಿ ಬಿಳಿ ಗೆರೆಗಳು ಹರಿಯುತ್ತಿರುತ್ತವೆ. ಅವು ಹೋಗುವ ದಿಕ್ಕೇ ಗಾಳಿ ಹೋಗುವ ದಿಕ್ಕು. ಹಾಯಿಯನ್ನು ಆ ಕಡೆಗೆ ತಿರುಗಿಸುತ್ತಾ ಬನ್ನಿ. ಸರಿಯಾದ ಕೋನಕ್ಕೆ ಬಂದ ಕೂಡಲೇ ಬಟ್ಟೆ ದಪ್ಪನೆ ಉಬ್ಬುತ್ತದೆ, ಸದ್ದೂ ಕೇಳುತ್ತದೆ. ಅಲ್ಲಿಗೆ ನಿಲ್ಲಿಸಿ. ಎದುರುಗಾಳಿಯಲ್ಲಿ ಹಾಯಿ ಹೇಗೂ ಉಬ್ಬುವುದಿಲ್ಲ. ಆಗ ಅದನ್ನು ನೆಟ್ಟಗೆ ಮುಂದಕ್ಕೆ ಮಾಡಿಟ್ಟು ಬಿಡಿ.

ಒಂದು ರಾತ್ರಿ ನಾನೊಬ್ಬನೇ ಸ್ಲೂಪ್‌ನಲ್ಲಿದ್ದೆ. ಡೆಕ್ ಮೇಲೆ ಮಾರಿ ಚಿನ್ನ ಮಾಡಿಕೊಳ್ಳುವ ಎರಡು ಪೆಟ್ಟಿಗೆ, ನಾಲ್ಕು ತಲೆಬುರುಡೆ. ಒಂದು ಗಂಟೆಯ ದುಡಿಮೆ. ಹಿಂದೆ ತಿರುಗಿದರೆ ಮೂರು ಕೂವೆಮರದ ಹಡಗು ನನ್ನ ಕಡೆಗೇ ಬರುತ್ತಿದೆ. ಗಾಳಿ ಇಬ್ಬರಿಗೂ ಬೆನ್ನಿಗಿತ್ತು. ನಿಮಿಷ ನಿಮಿಷಕ್ಕೂ ಅದು ದೊಡ್ಡದಾಗುತ್ತಿತ್ತು. ಹಾಗೇ ನೇರ ಓಡುತ್ತಿದ್ದರೆ ಸಿಕ್ಕಿಬೀಳುವುದು ಖಂಡಿತ. ಎಡಕ್ಕೆ ಒಂದು ಸಣ್ಣ ದ್ವೀಪ ಕಂಡಿತು. ಅದನ್ನು ಹತ್ತಿರದಿಂದ ಬಳಸಿ ಅರ್ಧ ಸುತ್ತು ಹಾಕಿ, ಗಾಳಿಗೆ ಮುಖ ಕೊಟ್ಟೆ. ಹಾಯಿ ನೆಟ್ಟಗೆ ಮಾಡಿದೆ. ಸ್ಲೂಪ್‌ನ ವೇಗ ಇಳಿಯಿತು, ಎದೆ ಧಸಕ್ ಅಂತು. ಆದರೆ ಗ್ಯಾಲಿಯನ್ ಅದೇ ತಿರುವು ಹಾಕಲು ಬಹಳ ಅಗಲಕ್ಕೆ ಹೋಗಬೇಕಾಯಿತು. ಬಂದ ಮೇಲೂ ನನ್ನಷ್ಟು ಓಡಲಿಲ್ಲ. ಹತ್ತು ನಿಮಿಷದಲ್ಲಿ ಅದರ ಹಾಯಿಯ ಗುರುತು ಕಾಣದಷ್ಟು ಚಿಕ್ಕದಾಯಿತು. ಅವರು ಒಂದೇ ಒಂದು ಗುಂಡು ಹಾರಿಸಲು ಆಗಲಿಲ್ಲ. ಯಾಕೆಂದರೆ ಈ ಮೂರು ಹಡಗಿನಲ್ಲಿ ಯಾವುದಕ್ಕೂ ಮೂತಿಯಲ್ಲಿ ಫಿರಂಗಿ ಇಲ್ಲ, ಎರಡು ಬದಿಯಲ್ಲಿ ಮಾತ್ರ. ಅಟ್ಟಿಸಿಕೊಂಡು ಬರುವವರು ಹೊಡೆಯಬೇಕಾದರೆ ಹಡಗನ್ನು ಅಡ್ಡ ತಿರುಗಿಸಬೇಕು. ಅಡ್ಡ ತಿರುಗಿದರೆ ಹಿಂದೆ ಬೀಳುತ್ತಾರೆ.

ಇದು ಆಟದವರು ಸುಮ್ನೆ ಮಾಡಿದ ನಿಯಮ ಅಲ್ಲ. ನಿಜವಾದ ಕಡಲಿನಲ್ಲೂ ಹೀಗೇ ಇತ್ತು. ಗ್ಯಾಲಿಯನ್‌ನಂಥ ಹಡಗಿನ ಅಡ್ಡ ಕಟ್ಟಿದ ಚೌಕದ ಹಾಯಿಗಳು ಬೆನ್ನುಗಾಳಿಗೆ ಹೇಳಿ ಮಾಡಿಸಿದ್ದು. ಸ್ಲೂಪ್‌ನ ಉದ್ದಕ್ಕೆ ಕಟ್ಟಿದ ಹಾಯಿ ಗಾಳಿ ಬರುವ ದಿಕ್ಕಿಗೆ ಹೆಚ್ಚು ಹತ್ತಿರವಾಗಿ ಸಾಗಬಲ್ಲದು. ಕೆರಿಬಿಯನ್‌ನ ಕಡಲ್ಗಳ್ಳರು ಸ್ಲೂಪ್ ಮೆಚ್ಚಿಕೊಂಡಿದ್ದು ಇದಕ್ಕೇ. ಆಳ ಕಡಿಮೆ ಇರುವ ನೀರಿನಲ್ಲೂ ಅದು ನುಸುಳುತ್ತಿತ್ತು. ಕುಖ್ಯಾತ ಕಡಲ್ಗಳ್ಳ ಬ್ಲ್ಯಾಕ್‌ಬಿಯರ್ಡ್‌ನ ದೊಡ್ಡ ಹಡಗು ಕ್ವೀನ್ ಆನ್ಸ್ ರಿವೆಂಜ್ 1718ರಲ್ಲಿ ಈಗಿನ ಅಮೆರಿಕದ ನಾರ್ತ್ ಕೆರೊಲಿನಾದ ಬೋಫರ್ಟ್ ಬಳಿ ಮರಳದಿಣ್ಣೆಗೆ ಸಿಕ್ಕಿ ಹಾಳಾಯಿತು. ಅದೇ ವರ್ಷ ನವೆಂಬರ್ 22ರಂದು ಅದೇ ಕರಾವಳಿಯ ಓಕ್ರಕೋಕ್‌ನಲ್ಲಿ ಅವನು ಸತ್ತಾಗ ಅವನಿದ್ದದ್ದು ಒಂದು ಸ್ಲೂಪ್‌ನಲ್ಲಿ, ಹಿಡಿಯಲು ಬಂದ ಬ್ರಿಟಿಷ್ ನೌಕಾಪಡೆಯ ಲೆಫ್ಟಿನೆಂಟ್ ಮೇನಾರ್ಡ್ ತಂದದ್ದೂ ಎರಡು ಸ್ಲೂಪ್. ನಮ್ಮ ಕರಾವಳಿಯಲ್ಲೂ ಇಂಥದ್ದು ನಡೆದಿದೆ. 1510ರಲ್ಲಿ ಪೋರ್ಚುಗೀಸರ ಆಲ್ಬುಕರ್ಕ್ ಗೋವಾ ಹಿಡಿದಾಗ ಜೊತೆಗಿದ್ದ ಹೊನ್ನಾವರದ ತಿಮ್ಮೋಜನ ಬಲವೂ ಹಗುರ ಹಡಗುಗಳ ದಂಡೇ.

ಹಂತ 4: ಸ್ಲೂಪ್ – ಎಲ್ಲರೂ ಇಲ್ಲಿಂದ ಶುರು ಮಾಡಿ

ನಿಮ್ಮ ತಂಡದಲ್ಲಿ ನಾಲ್ವರಿದ್ದರೂ, ಒಬ್ಬೊಬ್ಬರೂ ಸ್ವಲ್ಪ ದಿನ ಸ್ಲೂಪ್ ಓಡಿಸಿ ಬನ್ನಿ ಅನ್ನುತ್ತೇನೆ. ಸ್ಲೂಪ್‌ನಲ್ಲಿ ಎಲ್ಲ ಕೆಲಸವೂ ನಿಮ್ಮ ಕೈಯಿಂದಲೇ ಆಗಬೇಕು. ಯಾವ ಕೆಲಸ ತಡವಾದರೆ ಏನಾಗುತ್ತದೆ ಅಂತ ಬೇಗ ತಿಳಿಯುತ್ತದೆ.

ಚುಕ್ಕಾಣಿಯಿಂದ ಶುರು ಮಾಡಿ. ಚಕ್ರ ನಟ್ಟನಡುವೆ ಬಂದಾಗ ಸಣ್ಣ ಸದ್ದಾಗುತ್ತದೆ, ಕಂಟ್ರೋಲರ್‌ನಲ್ಲಿ ಆಡುತ್ತಿದ್ದರೆ ಕೈಗೆ ನಡುಕ ಗೊತ್ತಾಗುತ್ತದೆ. ಅದನ್ನು ಗುರುತಿಸುವುದು ಮೊದಲು ಕಲಿಯಿರಿ. ನಡುವಿಗೆ ತರದೆ ಚಕ್ರ ಬಿಟ್ಟು ಕೆಳಗೆ ಹೋದರೆ ಹಡಗು ತನ್ನಷ್ಟಕ್ಕೆ ಸುತ್ತುತ್ತಾ ಎಲ್ಲೋ ಹೋಗಿರುತ್ತದೆ. ಒಂಟಿಯಾಗಿ ಆಡುವವರು ಹಡಗು ಕಳೆದುಕೊಳ್ಳಲು ಇದು ಬಹಳ ಸಲ ಕಾರಣ.

ಆಮೇಲೆ ನಿಲ್ಲಿಸುವುದು. ದ್ವೀಪದ ಹತ್ತಿರ ಲಂಗರು ಹಾಕುವ ಅಭ್ಯಾಸ ಬಿಟ್ಟುಬಿಡಿ. ದಡ ಇನ್ನೂ ಸ್ವಲ್ಪ ದೂರ ಇರುವಾಗಲೇ ಹಾಯಿಯನ್ನು ಪೂರ್ತಿ ಮೇಲಕ್ಕೆ ಎಳೆದುಬಿಡಿ. ಹಡಗು ತೇಲುತ್ತಾ ಬಂದು ತಾನೇ ನಿಲ್ಲುತ್ತದೆ. ಶತ್ರು ಕಂಡಾಗ ಹಾಯಿ ಬಿಟ್ಟರೆ ಸಾಕು, ಲಂಗರು ಎತ್ತುವ ಸಮಯ ಉಳಿಯುತ್ತದೆ. ಈ ಅಭ್ಯಾಸ ಮೂರೂ ಹಡಗಿಗೆ ಬೇಕು.

ಇನ್ನು ತಿರುಗುವುದು. ಮೂರರಲ್ಲಿ ಚುರುಕಾಗಿ ತಿರುಗುವುದು ಸ್ಲೂಪ್. ಹಾಯಿ ಅರ್ಧ ಏರಿಸಿದರೆ ವೇಗ ಇಳಿದು ತಿರುವು ಇನ್ನೂ ಬಿಗಿಯಾಗುತ್ತದೆ. ತುರ್ತಿಗೆ ಇನ್ನೊಂದು ದಾರಿ ಇದೆ: ಚಕ್ರವನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ ಲಂಗರು ಬಿಡಿ. ಹಡಗು ಇದ್ದಲ್ಲೇ ಗಿರಕಿ ಹೊಡೆಯುತ್ತದೆ. ತಕ್ಷಣ ಲಂಗರು ಎತ್ತಬೇಕು, ಅದನ್ನು ಮರೆತರೆ ನಿಂತಲ್ಲೇ ಗುರಿಯಾಗುತ್ತೀರಿ. ಸ್ಲೂಪ್‌ನ ಲಂಗರು ಒಬ್ಬರೇ ಬೇಗ ಎತ್ತಬಹುದು. ಅದಕ್ಕೇ ಈ ವಿದ್ಯೆ ಸ್ಲೂಪ್‌ಗೆ ಚೆನ್ನಾಗಿ ಒಗ್ಗುತ್ತದೆ.

ಕಾಳಗದಲ್ಲಿ ಸ್ಲೂಪ್‌ನ ದೊಡ್ಡ ಕಷ್ಟ ಒಂದೇ ಕೂವೆಮರ. 2019ರ ಏಪ್ರಿಲ್ ಕೊನೆಯಲ್ಲಿ ಬಂದ ಆನಿವರ್ಸರಿ ಅಪ್‌ಡೇಟ್ ನಂತರ ಕೂವೆಮರ, ಚುಕ್ಕಾಣಿ, ಲಂಗರಿನ ಚಕ್ರ ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಆಮೇಲೆ ಚೈನ್‌ಶಾಟ್ ಅನ್ನುವ ಸರಪಳಿ ಗುಂಡು ಬಂತು, ಅದು ಇರುವುದೇ ಕೂವೆಮರ ಬೀಳಿಸಲು. ಗ್ಯಾಲಿಯನ್‌ನ ಒಂದು ಕೂವೆಮರ ಬಿದ್ದರೆ ಇನ್ನೆರಡು ಇರುತ್ತವೆ. ಸ್ಲೂಪ್‌ನದ್ದು ಬಿದ್ದರೆ ಹಡಗು ನಿಂತೇ ಹೋಯಿತು. ಹಾಗಾಗಿ ಯಾರದೇ ಫಿರಂಗಿಗೂ ಅಡ್ಡಬದಿ ಕೊಟ್ಟು ನೇರ ಸಾಗಬೇಡಿ. ಆ ಕಡೆ ಈ ಕಡೆ ಸ್ವಲ್ಪ ಹೊರಳಿಸುತ್ತಾ ಹೋಗಿ.

ಒಂಟಿಯಾಗಿದ್ದರೆ ತೂತಿಗಿಂತ ಮುಂಚೆ ಏಣಿ ನೋಡಿ. ಶತ್ರುಗಳು ತಮ್ಮ ಫಿರಂಗಿಯಲ್ಲಿ ತಾವೇ ಕೂತು ಹಾರಿ ನಿಮ್ಮ ಹಡಗಿನ ಹತ್ತಿರ ನೀರಿಗೆ ಬೀಳುತ್ತಾರೆ. ದೊಪ್ಪನೆ ಸದ್ದು ಕೇಳಿದರೆ ಅರ್ಥ ಅದೇ. ಏಣಿಯ ಬಾಯಲ್ಲಿ ಬಂದೂಕು ಹಿಡಿದು ನಿಲ್ಲಿ. ಒಬ್ಬ ಒಳಗೆ ಬಂದು ನಿಮ್ಮನ್ನು ಕೊಂದ ಅಂದರೆ ಹಡಗು ಅವನದೇ. ನೀರು ಎತ್ತಿ ಹಾಕಲು ಯಾರೂ ಇರುವುದಿಲ್ಲ.

ಇಬ್ಬರಿದ್ದರೆ ಸ್ಲೂಪ್‌ನಷ್ಟು ಸುಖದ ಹಡಗು ಇನ್ನೊಂದಿಲ್ಲ. ಒಬ್ಬರು ಚುಕ್ಕಾಣಿ ಮತ್ತು ರಿಪೇರಿ. ಇನ್ನೊಬ್ಬರು ಫಿರಂಗಿ ಮತ್ತು ಏಣಿ. ನಾನು, ಅಣ್ಣ ಎಷ್ಟೋ ಸಲ ಮೂವರಿದ್ದ ಬ್ರಿಗ್‌ಗಳನ್ನು ಸ್ಲೂಪ್‌ನಿಂದಲೇ ಮುಳುಗಿಸಿದ್ದೇವೆ. ಮಾತು ಕಡಿಮೆ, ಕೆಲಸ ಹಂಚಿಕೆ ಸ್ಪಷ್ಟ.

ಹಂತ 5: ಗ್ಯಾಲಿಯನ್ – ಹಡಗಿಗಿಂತ ಮುಂಚೆ ತಂಡ ಕಟ್ಟಿ

ನಾಲ್ವರೂ ಮೊದಲ ಸಲ ಗ್ಯಾಲಿಯನ್ ಹತ್ತಿದ ದಿನ ನಮ್ಮ ಖುಷಿ ಹೇಳತೀರದು. ಒಂದು ಅಸ್ಥಿಪಂಜರದ ಹಡಗು, ಅಂದರೆ ಆಟವೇ ನಡೆಸುವ ಶತ್ರು ಹಡಗು, ಎದುರಾಯಿತು. ನಾಲ್ವರೂ ನಾಲ್ಕು ಫಿರಂಗಿ ಹಿಡಿದೆವು. ಗುಂಡಿನ ಮೇಲೆ ಗುಂಡು. ಸ್ವಲ್ಪ ಹೊತ್ತಿಗೆ ನಮ್ಮ ಹಡಗು ಯಾಕೋ ಭಾರವಾದಂತೆ, ತಗ್ಗಿದಂತೆ ಕಂಡಿತು.

"ಅಣ್ಣಾ, ಕೆಳಗೆ ಯಾರಿದ್ದಾರೆ?" ಅಂದೆ.

"ನಾನು ಇಲ್ಲೇ ಇದ್ದೀನಲ್ಲೋ. ನೀನು ಹೋಗಿಲ್ವಾ?"

ಯಾರೂ ಹೋಗಿರಲಿಲ್ಲ. ಓಡಿ ಮೆಟ್ಟಿಲಿಗೆ ಬಂದರೆ ತಳದ ಅಂತಸ್ತು ಪೂರ್ತಿ ನೀರು. ನಕ್ಷೆ ಇರುವ ನಡು ಅಂತಸ್ತಿನಲ್ಲಿ ಮೊಣಕಾಲು ಮಟ್ಟ. ಮೇಲೆ ತೇಲುತ್ತಿದ್ದ ನಮ್ಮ ಪೆಟ್ಟಿಗೆಗಳು. ಬಕೆಟ್ ಹಿಡಿಯುವಷ್ಟರಲ್ಲಿ ಮುಗಿದಿತ್ತು.

ಅಂದಿನಿಂದ ನಮ್ಮಲ್ಲಿ ಒಂದು ಕಟ್ಟುನಿಟ್ಟು. ಗ್ಯಾಲಿಯನ್ ಹೊರಡುವ ಮುಂಚೆಯೇ ನಾಲ್ಕು ಕೆಲಸ ಹಂಚಿಕೊಳ್ಳುತ್ತೇವೆ. ಒಬ್ಬ ಚುಕ್ಕಾಣಿ. ಕರಾವಳಿಯಲ್ಲಿ ದೋಣಿ ನಡೆಸುವವನನ್ನು ತಂಡೇಲ ಅನ್ನುತ್ತಾರೆ, ನಾವೂ ಹಾಗೇ ಕರೆಯುತ್ತೇವೆ. ಕಾಳಗದಲ್ಲಿ ತಂಡೇಲನ ಮಾತೇ ಕೊನೆಯ ಮಾತು. ಒಬ್ಬ ಮುಖ್ಯ ಫಿರಂಗಿ, ಬೇರೆ ಏನೇ ಆದರೂ ಅವನು ಜಾಗ ಬಿಡುವುದಿಲ್ಲ. ಮೂರನೆಯವನು ಎರಡನೇ ಫಿರಂಗಿ, ಹಾಯಿ, ಏಣಿ, ಎಲ್ಲದಕ್ಕೂ ಓಡುವವನು. ನಾಲ್ಕನೆಯವನು ತಳದವನು. ಇಂಗ್ಲಿಷ್ ಆಟಗಾರರು ಇದನ್ನು ಬಿಲ್ಜ್ ಅನ್ನುತ್ತಾರೆ. ಅವನು ಹಲಗೆ, ಬಕೆಟ್ ಹಿಡಿದು ಕೆಳಗೇ ಇರುತ್ತಾನೆ. ಕಾಳಗ ಕಣ್ಣಿಗೆ ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ಬೇಸರದ ಕೆಲಸ ಅನ್ನಿಸಬಹುದು. ಆದರೆ ನಾಲ್ವರಲ್ಲಿ ಹಡಗನ್ನು ಉಳಿಸುವವನು ಅವನೇ. ನಮ್ಮ ಮೈಸೂರಿನ ಗೆಳೆಯ ಇದನ್ನೇ ಕೇಳಿ ಪಡೆಯುತ್ತಾನೆ. ಗುಂಡು ಬಿದ್ದ ಸದ್ದಿನಿಂದಲೇ ತೂತು ಯಾವ ಕಡೆ ಅಂತ ಹೇಳಬಲ್ಲ.

ತೂತಿನ ವಿಷಯ ಒಂದು ಮಾತು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಪೆಟ್ಟು ಬಿದ್ದರೆ ತೂತು ದೊಡ್ಡದಾಗುತ್ತಾ ಹೋಗುತ್ತದೆ, ನೀರು ಜಾಸ್ತಿ ನುಗ್ಗುತ್ತದೆ. ಹಾಗಾಗಿ ಒಂದೆರಡು ಸಣ್ಣ ತೂತು ಬಿಟ್ಟರೂ ಪರವಾಗಿಲ್ಲ, ದೊಡ್ಡದನ್ನು ಮೊದಲು ಮುಚ್ಚಿ. ಗ್ಯಾಲಿಯನ್‌ನ ಹೊಟ್ಟೆ ದೊಡ್ಡದು, ತುಂಬಲು ಸಮಯ ಬೇಕು. ಆ ಸಮಯವೇ ನಿಮ್ಮ ಬಂಡವಾಳ.

ತಂಡೇಲನಿಗೆ ಇನ್ನೊಂದು ಕಷ್ಟ ಇದೆ. ಹಾಯಿ ಪೂರ್ತಿ ಇಳಿದಿರುವಾಗ ಮುಂದೆ ಏನೂ ಕಾಣುವುದಿಲ್ಲ. ಬರೀ ಬಟ್ಟೆ. ಒಬ್ಬರು ಮೂತಿಯಲ್ಲಿ ನಿಂತು "ಎಡಕ್ಕೆ ಬಂಡೆ", "ಸ್ವಲ್ಪ ಬಲಕ್ಕೆ" ಅಂತ ಹೇಳುತ್ತಿರಬೇಕು. ನಕ್ಷೆ ನಡು ಅಂತಸ್ತಿನಲ್ಲಿದೆ, ಅದಕ್ಕೂ ಒಬ್ಬರು ಬೇಕು. ತಿರುವು ನಿಧಾನ, ಚಕ್ರ ಒಂದು ಬದಿಯಿಂದ ಇನ್ನೊಂದು ಬದಿಗೆ ಬರಲು ಹೊತ್ತು ಹಿಡಿಯುತ್ತದೆ. ಎಲ್ಲವನ್ನೂ ಮುಂಚೆಯೇ ಯೋಚಿಸಬೇಕು. ಸ್ಲೂಪ್‌ನಲ್ಲಿ ಹತ್ತಿರ ಬಂದ ಮೇಲೆ ಹಾಯಿ ಎತ್ತಿದರೂ ನಡೆಯುತ್ತದೆ, ಗ್ಯಾಲಿಯನ್‌ನಲ್ಲಿ ದಡ ಇನ್ನೂ ದೂರ ಇರುವಾಗಲೇ ಶುರು ಮಾಡಿ.

ಇಷ್ಟೆಲ್ಲ ಹೊಂದಿಬಂದರೆ ಗ್ಯಾಲಿಯನ್‌ನ ಮುಂದೆ ಯಾವುದೂ ಇಲ್ಲ. ತಳದಲ್ಲಿ ನೀರಿಲ್ಲದ ಗಳಿಗೆ ನೋಡಿ ನಾಲ್ವರೂ ಬಂದು ಒಂದು ಬದಿಯ ನಾಲ್ಕು ಫಿರಂಗಿ ಒಟ್ಟಿಗೆ ಹಾರಿಸಿದಾಗ ಸ್ಲೂಪ್ ಒಂದೇ ಸುತ್ತಿಗೆ ತತ್ತರಿಸುತ್ತದೆ. ಆ ನಾಲ್ಕು ಸದ್ದು ಒಂದಾಗಿ ಕೇಳಿದ ದಿನ ನಿಮ್ಮ ತಂಡ ಪಳಗಿದೆ ಅಂತ ಅರ್ಥ.

ಹಂತ 6: ಬ್ರಿಗಂಟೀನ್

ಬ್ರಿಗ್ ಬಗ್ಗೆ ಹೇಳುವುದು ಸ್ವಲ್ಪವೇ ಇದೆ. ಮೂವರಿದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಗ್ಯಾಲಿಯನ್‌ಗಿಂತ ಚೆನ್ನಾಗಿ ತಿರುಗುತ್ತದೆ. ಒಂದು ಕೂವೆಮರ ಬಿದ್ದರೂ ಇನ್ನೊಂದರಲ್ಲಿ ಕುಂಟುತ್ತಾ ಓಡಬಹುದು. ಬದಿಗೆ ಎರಡು ಫಿರಂಗಿ, ಮೂವರಲ್ಲಿ ಒಬ್ಬರು ಚುಕ್ಕಾಣಿ ಹಿಡಿದರೂ ಎರಡಕ್ಕೂ ಆಳು ಇರುತ್ತಾರೆ. ಇಬ್ಬರ ಸ್ಲೂಪ್‌ನಂತೆಯೇ ಬ್ರಿಗ್‌ನಲ್ಲೂ ಕೈ ಮತ್ತು ಫಿರಂಗಿಯ ಲೆಕ್ಕ ಸರಿಯಾಗಿ ಕೂಡುತ್ತದೆ, ಗ್ಯಾಲಿಯನ್‌ನಲ್ಲಿ ಕೂಡುವುದಿಲ್ಲ.

ತೊಂದರೆ ಬರುವುದು ಆ ಎರಡನೇ ಫಿರಂಗಿಯವನು ಕೆಳಗೆ ಇಳಿಯಲು ಮನಸ್ಸು ಮಾಡದಿದ್ದಾಗ. ನಾವು ಮೂವರಾಗಿ ಆಡುವಾಗ ಮುಳುಗಿದ್ದೆಲ್ಲ ಹೀಗೇ. ಇನ್ನೊಂದೇ ಗುಂಡು, ಇನ್ನೊಂದೇ ಗುಂಡು ಅಂತ ನಿಂತುಬಿಡುತ್ತೇವೆ. ಹಾಗಾಗಿ ನಮ್ಮ ನಿಯಮ: ಎರಡು ಪೆಟ್ಟು ಬಿದ್ದ ಸದ್ದು ಕೇಳಿದರೆ ಎರಡನೇ ಫಿರಂಗಿಯವನು ಯಾರನ್ನೂ ಕೇಳದೆ ಕೆಳಗೆ ಇಳಿಯಬೇಕು.

ಇಬ್ಬರೇ ಬ್ರಿಗ್ ತೆಗೆದುಕೊಳ್ಳಬಹುದೇ? ಕೆಲವರು ವೇಗಕ್ಕಾಗಿ ತೆಗೆದುಕೊಳ್ಳುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಓಡುವಾಗ ಚೆನ್ನಾಗಿರುತ್ತದೆ, ನಿಂತು ಕಾದಾಡುವಾಗ ಮೂರನೇ ಕೈ ಬೇಕೇ ಬೇಕು ಅನ್ನಿಸುತ್ತದೆ.

ಹಂತ 7: ಎದುರಿನ ಹಡಗನ್ನು ಓದಿ

ನಿಮ್ಮ ಹಡಗು ಆರಿಸಿದ್ದಾಯಿತು. ಈಗ ಅದೇ ಲೆಕ್ಕವನ್ನು ಎದುರಿನವರ ಮೇಲೆ ಹಾಕಿ. ದುರ್ಬೀನಿನಲ್ಲಿ ನೋಡಿದಾಗ ಮೊದಲು ಕೂವೆಮರ ಎಣಿಸಿ. ಒಂದು ಅಂದರೆ ಹೆಚ್ಚೆಂದರೆ ಇಬ್ಬರು. ಎರಡು ಅಂದರೆ ಮೂವರು. ಮೂರು ಅಂದರೆ ನಾಲ್ವರು. ರಾತ್ರಿ ಆದರೆ ಲಾಟೀನಿನ ಬೆಳಕು ಹುಡುಕಿ, ನಿಮ್ಮದನ್ನು ಆರಿಸಿಡಿ.

ನೀವು ಸ್ಲೂಪ್, ಅವರು ಗ್ಯಾಲಿಯನ್ ಆದರೆ ಎದುರುಗಾಳಿಗೆ ತಿರುಗಿ. ಕಾದಾಡಲೇಬೇಕು ಅಂದರೆ ಅವರ ಹಿಂಬದಿಗೆ ಅಂಟಿಕೊಳ್ಳಿ. ಅಲ್ಲಿ ಅವರ ಒಂದು ಫಿರಂಗಿಯೂ ತಾಗುವುದಿಲ್ಲ, ನೀವು ಅವರಿಗಿಂತ ಬೇಗ ತಿರುಗಬಲ್ಲಿರಿ. ನೀವು ಗ್ಯಾಲಿಯನ್, ಅವರು ಸ್ಲೂಪ್ ಆದರೆ ಬೆನ್ನುಗಾಳಿಯಲ್ಲಿ ಅಟ್ಟಿ, ದೂರದಿಂದಲೇ ಬದಿ ತಿರುಗಿಸಿ ಹೊಡೆಯಿರಿ. ಹತ್ತಿರ ಬರಲು ಬಿಟ್ಟರೆ ಅವರು ನಿಮ್ಮ ಸುತ್ತ ಸುತ್ತುತ್ತಾರೆ. ಬ್ರಿಗ್‌ನಿಂದ ಸ್ಲೂಪ್ ಹಿಡಿಯುವುದು ಸುಲಭ, ಅವರು ಗಾಳಿಗೆ ಎದುರಾಗಿ ಓಡದಿದ್ದರೆ ಮಾತ್ರ.

ಹಂತ 8: ಅಭ್ಯಾಸ ಎಲ್ಲಿ, ಹೇಗೆ

2023ರ ಡಿಸೆಂಬರ್‌ನಲ್ಲಿ ಸೇಫರ್ ಸೀಸ್ ಅನ್ನುವ ವಿಭಾಗ ಬಂತು. ಅಲ್ಲಿ ನಿಮ್ಮ ತಂಡ ಬಿಟ್ಟು ಬೇರೆ ಆಟಗಾರರು ಇರುವುದಿಲ್ಲ. ಬಂದಾಗ ಅಲ್ಲಿ ಸಿಗುತ್ತಿದ್ದ ಚಿನ್ನ ಮಾಮೂಲಿ ಕಡಲಿನ ಶೇ. 30 ಮಾತ್ರ. ಆದರೆ ಹಡಗು ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಸ್ಲೂಪ್ ತೆಗೆದುಕೊಂಡು ಎರಡು ದ್ವೀಪ ಆರಿಸಿ. ಹೋಗುವಾಗ ಬೆನ್ನುಗಾಳಿ, ಬರುವಾಗ ಎದುರುಗಾಳಿ ಆಗಬೇಕು. ಮೊಬೈಲ್‌ನಲ್ಲಿ ಸಮಯ ಇಟ್ಟು ಎರಡೂ ಬರೆದುಕೊಳ್ಳಿ. ಮಾರನೇ ದಿನ ಗೆಳೆಯರ ಜೊತೆ ಬ್ರಿಗ್, ಗ್ಯಾಲಿಯನ್‌ನಲ್ಲಿ ಇದನ್ನೇ ಮಾಡಿ. ನಾನು ಮೇಲೆ ಬರೆದ ಗಾಳಿಯ ಲೆಕ್ಕ ನಿಮ್ಮ ಕಣ್ಣೆದುರೇ ಬರುತ್ತದೆ.

ಹೊರಡುವಾಗ ಜೇಬಿನ ಲೆಕ್ಕವೂ ಇರಲಿ. ಒಬ್ಬರು ಮೈಮೇಲೆ 10 ಗುಂಡು, 5 ಹಲಗೆ, 5 ತಿನಿಸು ಇಟ್ಟುಕೊಳ್ಳಬಹುದು. ಗ್ಯಾಲಿಯನ್ ಹಲಗೆ ತಿನ್ನುವ ಹಡಗು. ದ್ವೀಪದ ಪೀಪಾಯಿಗಳನ್ನು ನಾಲ್ವರೂ ಹುಡುಕಿ ತುಂಬಿಸಿಕೊಂಡೇ ಹೊರಡಿ.

ಸಮಬಲದ ಕಾಳಗ ಬೇಕಾದರೆ 2022ರ ನವೆಂಬರ್‌ನಲ್ಲಿ ಬಂದ ಅವರ್‌ಗ್ಲಾಸ್ ಅನ್ನುವ ಕಾಳಗದ ವಿಭಾಗ ಇದೆ. ಅದು ನಿಮ್ಮ ಹಡಗಿನ ಗಾತ್ರದವರನ್ನೇ ಎದುರಿಗೆ ತಂದು ನಿಲ್ಲಿಸುತ್ತದೆ. ಸ್ಲೂಪ್‌ಗೆ ಸ್ಲೂಪ್, ಗ್ಯಾಲಿಯನ್‌ಗೆ ಗ್ಯಾಲಿಯನ್.

ಸ್ವಂತ ಹಡಗು ಕೊಳ್ಳುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. 2022ರ ಆಗಸ್ಟ್‌ನಿಂದ ಆಟದ ಚಿನ್ನ ಕೊಟ್ಟು ಕ್ಯಾಪ್ಟನ್ ಆಗಬಹುದು, ಹಡಗಿಗೆ ಹೆಸರಿಡಬಹುದು, ಹಚ್ಚಿದ ಅಲಂಕಾರ ಹಾಗೇ ಉಳಿಯುತ್ತದೆ. ಅದು ಬಂದಾಗ ಸ್ಲೂಪ್‌ಗೆ 2,50,000, ಬ್ರಿಗ್‌ಗೆ 3,75,000, ಗ್ಯಾಲಿಯನ್‌ಗೆ 5,00,000 ಚಿನ್ನ ಇತ್ತು. ಹಿಂದಿನ ಒಂದು ತಿಂಗಳಲ್ಲಿ ಎಷ್ಟು ರಾತ್ರಿ ಎಷ್ಟು ಜನ ಸೇರಿದಿರಿ ಅಂತ ನೆನಪಿಸಿಕೊಳ್ಳಿ. ಹೆಚ್ಚು ರಾತ್ರಿ ಇಬ್ಬರೇ ಇದ್ದರೆ ಮೊದಲು ಸ್ಲೂಪ್ ಕೊಳ್ಳಿ. ನಾವು ಹಾಗೇ ಮಾಡಿದೆವು. ಅಣ್ಣ ಅದಕ್ಕೆ ಅಜ್ಜಿಯ ಹೆಸರಿಟ್ಟ. ಗ್ಯಾಲಿಯನ್‌ಗೆ ಇನ್ನೂ ಚಿನ್ನ ಕೂಡಿಡುತ್ತಿದ್ದೇವೆ, ಟೊರೊಂಟೊದವನಿಗೆ ಶನಿವಾರ ರಜೆ ಸಿಕ್ಕಾಗೆಲ್ಲ.